ಹಲ್ಲುಜ್ಜುವ ಕೈ ಯಾರದು?

ಚೀನ ದೇಶದ ಬೌದ್ಧ ಯಾತ್ರಿಕ ಇತ್ಸಿಂಗನ ಹೆಸರನ್ನು ನಮ್ಮಲ್ಲಿ ಬಹುಮಂದಿ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಓದಿರುತ್ತಾರೆ. ಫಾಹಿಯಾನ್, ಹ್ಯೂಯೆನ್‌ತ್ಸಾಂಗರ ನಂತರ ಬರುವ ಮೂರನೆಯ ಹೆಸರು ಅದು. ಕ್ರಿ. ಶ. 671ರಲ್ಲಿ ಸ್ವದೇಶವನ್ನು ಬಿಟ್ಟು ಹಡಗಿನಲ್ಲಿ ಹೊರಟ ಈತ ನಾಲಂದಾ ಮಹಾವಿಹಾರದಲ್ಲಿ ಹತ್ತು ವರ್ಷಗಳಷ್ಟು ಕಾಲ ಇದ್ದು, 695ರಲ್ಲಿ ಚೀನಕ್ಕೆ ಹಿಂದಿರುಗಿದ. ಆತನ ಕಣ್ಣು ನಾಟಿದ್ದು ವಿಹಾರದ ದಿನಚರಿಯ ಮೇಲೆ. ಭಿಕ್ಷುಗಳು ಹೇಗೆ ಉಣ್ಣುತ್ತಾರೆ, ಹೇಗೆ ಕೈ ತೊಳೆಯುತ್ತಾರೆ, ನೀರಿನ ಪಾತ್ರೆಯನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬಂಥ ಸಂಗತಿಗಳನ್ನು ಆತ ಒಂದೊಂದಾಗಿ ಬರೆದಿಟ್ಟ. ಆ ಗ್ರಂಥದಲ್ಲಿ ಹಲ್ಲುಕಡ್ಡಿಗೆಂದೇ ಒಂದು ಅಧ್ಯಾಯವಿದೆ. ಭರತಖಂಡದ ಐದು ಭಾಗಗಳಲ್ಲಿಯೂ ಹಲ್ಲುಕಡ್ಡಿ ಅಗಿಯುವುದು ನಿತ್ಯದ ವಾಡಿಕೆ, ಮೂರು ವರ್ಷದ ಮಕ್ಕಳಿಗೂ ಅದನ್ನು ಕಲಿಸುತ್ತಾರೆ ಎಂದು ಅದರಲ್ಲಿ ಹೇಳಿದ್ದಾನೆ.

ಮೂರು ವರ್ಷ! ಈಗಿನ ತಾಯಂದಿರು ಇದನ್ನು ಕೇಳಿದರೆ ಮೂಗಿನ ಮೇಲೆ ಬೆರಳಿಟ್ಟಾರು. ಮೂರು ವರ್ಷದ ಮಗುವಿನ ಕೈಗೆ ಬ್ರಷ್ಷು ಕೊಟ್ಟರೆ ಅದು ಪೇಸ್ಟನ್ನು ನೆಕ್ಕಿ, ಬ್ರಷ್ಷನ್ನು ಕಚ್ಚಿ, ಉಳಿದದ್ದನ್ನು ಗೋಡೆಗೆ ಬಳಿಯುತ್ತದೆ. ಹಾಗಾದರೆ ಮಗು ಯಾರ ನೆರವೂ ಇಲ್ಲದೆ ತನ್ನ ಹಲ್ಲನ್ನು ತಾನೇ ಉಜ್ಜಿಕೊಳ್ಳಬಲ್ಲ ವಯಸ್ಸು ಯಾವುದು? ಮೇಲ್ನೋಟಕ್ಕೆ ಇದು ಬಚ್ಚಲುಮನೆಯ ಪ್ರಶ್ನೆ. ಆದರೆ ಇದರ ಹಿಂದೆ ಸುಮಾರು ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಮಠಗಳು, ಸೈನ್ಯಗಳು, ಸಕ್ಕರೆಯ ವ್ಯಾಪಾರ, ಸರಕಾರಿ ಶಾಲೆಗಳು ಎಲ್ಲವೂ ಇದರಲ್ಲಿ ಕೈಯಾಡಿಸಿವೆ. ಮಗುವಿನ ಬಾಯಿಯ ಹೊಣೆ ಒಮ್ಮೆ ಮನೆಯವರ ಮೇಲೆ, ಒಮ್ಮೆ ಶಾಲೆಯ ಮೇಲೆ, ಒಮ್ಮೆ ಮಗುವಿನ ಮೇಲೆಯೇ ಬಿದ್ದಿದೆ.

ಕಡ್ಡಿಯ ಕಾಲ

ನಮ್ಮ ಪ್ರಾಚೀನರು ದಂತಧಾವನವನ್ನು ಸಣ್ಣ ಸಂಗತಿಯೆಂದು ಬಗೆದವರಲ್ಲ. ಚರಕ, ಸುಶ್ರುತ ಇಬ್ಬರೂ ದಿನಚರ್ಯೆಯಲ್ಲಿ ಅದಕ್ಕೆ ಸ್ಥಾನ ಕೊಟ್ಟಿದ್ದಾರೆ. ಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನ ಗಾತ್ರವಿರಬೇಕು, ನೆಟ್ಟಗಿರಬೇಕು, ಗಂಟಿರಬಾರದು ಎಂಬುದು ಸುಶ್ರುತನ ವಿಧಿ. ರುಚಿಗೆ ತಕ್ಕಂತೆ ಮರಗಳನ್ನೂ ಆತ ವಿಂಗಡಿಸಿದ್ದಾನೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಸಿಹಿಯಲ್ಲಿ ಹಿಪ್ಪೆ, ಕಟುವಿನಲ್ಲಿ ಹೊಂಗೆ ಶ್ರೇಷ್ಠವೆಂದು ಆತನ ಮತ.

ಬೌದ್ಧರ ವಿನಯಪಿಟಕದಲ್ಲಿ ಇದೇ ಕಡ್ಡಿಯ ಬಗೆಗೆ ಒಂದು ಸ್ವಾರಸ್ಯವಾದ ಪ್ರಸಂಗ ಬರುತ್ತದೆ. ಪುಂಡರೆಂದು ಹೆಸರಾದ ಆರು ಮಂದಿ ಭಿಕ್ಷುಗಳ ಗುಂಪೊಂದು ಬಲು ಉದ್ದನೆಯ ಹಲ್ಲುಕಡ್ಡಿಗಳನ್ನು ಇಟ್ಟುಕೊಂಡು, ಹಲ್ಲುಜ್ಜಿದ ಮೇಲೆ ಅದರಿಂದಲೇ ಎಳೆಯ ಸಾಮಣೇರರಿಗೆ ಬಾರಿಸುತ್ತಿತ್ತಂತೆ. ದೂರು ಬುದ್ಧನವರೆಗೆ ಹೋಯಿತು. ಕಡ್ಡಿ ಎಂಟು ಅಂಗುಲಕ್ಕಿಂತ ಉದ್ದವಿರಬಾರದೆಂದು ಕಟ್ಟಳೆಯಾಯಿತು. ಆಮೇಲೆ ಇನ್ನೊಬ್ಬ ಭಿಕ್ಷು ತೀರ ಗಿಡ್ಡನೆಯ ಕಡ್ಡಿಯನ್ನು ಅಗಿಯಹೋಗಿ ಅದು ಗಂಟಲಿಗೆ ಸಿಕ್ಕಿಕೊಂಡಿತು. ನಾಲ್ಕು ಅಂಗುಲಕ್ಕಿಂತ ಕಡಿಮೆಯಿರಬಾರದೆಂಬ ಎರಡನೆಯ ಕಟ್ಟಳೆ ಬಂತು. ಸಾಮಣೇರರೆಂದರೆ ದೀಕ್ಷೆಯ ಮೊದಲ ಮೆಟ್ಟಿಲಿನಲ್ಲಿದ್ದ ಕಿರಿಯರು. ಅವರಲ್ಲಿ ಹುಡುಗರು ಬಹಳ. ಹಲ್ಲುಜ್ಜುವ ಸಾಧನದ ಅಳತೆಯನ್ನು ಕಿರಿಯರ ಹಿತಕ್ಕಾಗಿ ಬದಲಾಯಿಸಿದ ಹಳೆಯ ದಾಖಲೆಗಳಲ್ಲಿ ಇದೂ ಒಂದೆನ್ನಬಹುದು.

ಕಡ್ಡಿಯ ಗುಣವೇನೆಂದರೆ, ಅದಕ್ಕೆ ಅಗಿಯುವ ಬಲ ಬೇಕು. ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡ ಮೇಲೆಯೇ ಉಜ್ಜುವ ಕೆಲಸ. ಮಗುವಿಗೆ ಅದನ್ನು ಹಿರಿಯರೇ ಜಜ್ಜಿ ಕೊಡಬೇಕು. ಆದ್ದರಿಂದ ಮೂರು ವರ್ಷಕ್ಕೆ ಕಲಿಸುತ್ತಾರೆಂದು ಇತ್ಸಿಂಗ್ ಹೇಳಿದ್ದು ಪಾಠದ ಆರಂಭವನ್ನು ಕುರಿತು. ಅಷ್ಟು ವಯಸ್ಸಿನ ಮಗು ಒಂಟಿಯಾಗಿ ಬಾವಿಕಟ್ಟೆಗೆ ಹೋಗಿ ದಂತಧಾವನ ಮುಗಿಸಿ ಬರುತ್ತಿತ್ತೆಂದು ತಿಳಿಯಬೇಕಾಗಿಲ್ಲ.

ಕಡ್ಡಿಯನ್ನು ಬಿಟ್ಟು ಕೂದಲಿನ ಬ್ರಷ್ಷು ಬಂದದ್ದೂ ಪೂರ್ವದೇಶಗಳಿಂದಲೇ. 1223ರಲ್ಲಿ ಚೀನಕ್ಕೆ ಹೋದ ಜಪಾನಿನ ಗುರು ಡೋಗೆನ್, ಅಲ್ಲಿಯ ಭಿಕ್ಷುಗಳು ಹಲ್ಲುಕಡ್ಡಿಯನ್ನು ಮರೆತು, ಎತ್ತಿನ ಕೊಂಬಿಗೆ ಕುದುರೆಯ ಬಾಲದ ಕೂದಲನ್ನು ಕೂರಿಸಿ ಉಜ್ಜುತ್ತಿದ್ದುದನ್ನು ಕಂಡು ಬೇಸರಪಟ್ಟುಕೊಂಡ. ಯೂರೋಪಿನಲ್ಲಿ ಬ್ರಷ್ಷು ವ್ಯಾಪಾರದ ಸರಕಾದದ್ದು ಬಹಳ ತಡವಾಗಿ. 1780ರ ಸುಮಾರಿನಲ್ಲಿ ಲಂಡನ್ನಿನ ವಿಲಿಯಂ ಆಡಿಸ್ ಮೂಳೆಯ ಹಿಡಿಗೆ ಪ್ರಾಣಿಯ ಗಡುಸು ಕೂದಲನ್ನು ಪೋಣಿಸಿ ಮಾರತೊಡಗಿದ. ಅಲ್ಲಿಂದ ಮುಂದೆ ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಬ್ರಷ್ಷೆಂದರೆ ಬಹುಮಟ್ಟಿಗೆ ಹಂದಿಯ ಕೂದಲು. ನಮ್ಮ ಮನೆಗಳ ಬಚ್ಚಲಿಗೆ ಅದು ಸುಲಭವಾಗಿ ಪ್ರವೇಶಿಸಲಿಲ್ಲವೆಂದರೆ ಆಶ್ಚರ್ಯವೇನು?

ಸಕ್ಕರೆಯ ಹಿಂದೆ ಬಂದ ಹುಳುಕು

ಹಲ್ಲು ಕೆಟ್ಟರೆ ನಾವು ‘ಹುಳುಕು’ ಎನ್ನುತ್ತೇವೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಬಾಬಿಲೋನಿನಿಂದ ಚೀನದವರೆಗೆ ಇತ್ತು. ನಮ್ಮ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಹುಳುವೆಂಬುದು ಕಣ್ಣಿಗೆ ಕಾಣದ ಜೀವಾಣು, ಅದು ತಿಂದುಳಿದ ಸಿಹಿಯನ್ನೂ ಹಿಟ್ಟನ್ನೂ ಹುಳಿಸಿ ಆಮ್ಲ ಮಾಡುತ್ತದೆ, ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ ಎಂದು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲಬಿ ಮಿಲ್ಲರ್ 1890ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ.

ಮಿಲ್ಲರನ ಸಿದ್ಧಾಂತಕ್ಕೆ ಬೇಕಾದ ಉದಾಹರಣೆ ಇಂಗ್ಲೆಂಡಿನಲ್ಲಿ ಸಿದ್ಧವಾಗಿತ್ತು. 1874ರಲ್ಲಿ ಅಲ್ಲಿ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿದರು. ಸಿರಿವಂತರ ಮೇಜಿನ ವಸ್ತುವಾಗಿದ್ದ ಸಕ್ಕರೆ ಕೂಲಿಯವನ ಚಹಾಕ್ಕೂ ಅವನ ಮಗುವಿನ ಬ್ರೆಡ್ಡಿನ ಮೇಲಣ ಮುರಬ್ಬಕ್ಕೂ ಇಳಿಯಿತು. ಜೊತೆಗೆ ಹುಳುಕೂ ಇಳಿಯಿತು. ಸೆಣಬಿನ ಗಿರಣಿಗಳಿಗೂ ಮುರಬ್ಬಕ್ಕೂ ಹೆಸರಾಗಿದ್ದ ಸ್ಕಾಟ್ಲೆಂಡಿನ ಡಂಡೀ ನಗರದ ದಂತವೈದ್ಯ ವಿಲಿಯಂ ಫಿಷರ್, ಶಾಲೆಯ ಮಕ್ಕಳ ಹಲ್ಲುಗಳನ್ನು ಕಡ್ಡಾಯವಾಗಿ ನೋಡಿಕೊಳ್ಳುವ ಏರ್ಪಾಡಾಗಬೇಕೆಂದು 1885ರಲ್ಲಿಯೇ ಪ್ರಬಂಧ ಮಂಡಿಸಿದ್ದ. ಆಗ ಅದು ಅರಣ್ಯರೋದನ.

ಸರಕಾರ ಕಿವಿಗೊಟ್ಟದ್ದು ಯುದ್ಧ ಬಂದಾಗ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಎಷ್ಟೋ ಜನರನ್ನು ಹಲ್ಲು ಸರಿಯಿಲ್ಲವೆಂದು ಹಿಂದಕ್ಕೆ ಕಳಿಸಬೇಕಾಯಿತು. ದಂಡಿನಲ್ಲಿ ಕೊಡುತ್ತಿದ್ದ ಗಟ್ಟಿ ಬಿಸ್ಕತ್ತನ್ನು ಅಗಿಯಲಾರದವನಿಗೆ ಬಂದೂಕು ಕೊಟ್ಟು ಏನು ಫಲ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆ ಒಂದು ಸಾಮ್ರಾಜ್ಯದ ಪಾಲಿಗೆ ನಿಜವಾಯಿತು. 1904ರಲ್ಲಿ ಜನರ ದೇಹಸ್ಥಿತಿಯ ಇಳಿತವನ್ನು ಕುರಿತ ಸಮಿತಿಯ ವರದಿ ಬಂತು. 1907ರ ಕಾನೂನಿನಿಂದ ಶಾಲೆಗಳಲ್ಲಿ ವೈದ್ಯಪರೀಕ್ಷೆ ಆರಂಭವಾಯಿತು. ಹೀಗೆ ಮಗುವಿನ ಹಲ್ಲು ಮನೆಯ ಹೊಸ್ತಿಲು ದಾಟಿ ರಾಷ್ಟ್ರದ ಲೆಕ್ಕಕ್ಕೆ ಸೇರಿತು.

ಶಾಲೆಯ ಅಂಗಳದಲ್ಲಿ ಕವಾಯತು

ಇದೇ ವೇಳೆಗೆ ಬೇರೆ ಕಡೆಗಳಲ್ಲಿಯೂ ಕೆಲಸ ಮೊದಲಾಗಿತ್ತು. ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗಿನಲ್ಲಿ ಎರ್ನ್‌ಸ್ಟ್ ಯೆಸ್ಸೆನ್ 1902ರಲ್ಲಿ ಶಾಲಾಮಕ್ಕಳಿಗಾಗಿಯೇ ಪುರಸಭೆಯ ದಂತಚಿಕಿತ್ಸಾಲಯವನ್ನು ತೆರೆದ. 1907ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕನ್ನಿಂಗ್‌ಹ್ಯಾಮ್ ಅಂಥದೇ ಇನ್ನೊಂದನ್ನು ಸ್ಥಾಪಿಸಿದ. ಆದರೆ ಇವೆಲ್ಲ ಕೆಟ್ಟ ಹಲ್ಲನ್ನು ಕೀಳುವ, ತುಂಬುವ ಕೆಲಸ. ಹಲ್ಲು ಕೆಡದಂತೆ ಮಗುವೇ ನೋಡಿಕೊಳ್ಳುವಂತಾಗಬೇಕು ಎಂಬ ಯೋಚನೆಗೆ ದೊಡ್ಡ ರೂಪು ಕೊಟ್ಟವನು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ಊರಿನ ಆಲ್ಫ್ರೆಡ್ ಫೋನ್ಸ್.

ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್ನಳಿಗೆ ಹಲ್ಲು ಶುಚಿಮಾಡುವ ವಿದ್ಯೆಯನ್ನು ಕಲಿಸಿದ. 1913ರಲ್ಲಿ ಅಂಥ ಹೆಂಗಸರಿಗಾಗಿ ಒಂದು ಶಾಲೆಯನ್ನೇ ತೆರೆದ. ಅಲ್ಲಿ ಕಲಿತವರು ಮರುವರ್ಷದಿಂದ ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲನ್ನು ಶುಚಿಮಾಡಿ, ಬ್ರಷ್ಷು ಹಿಡಿಯುವುದನ್ನು ಹೇಳಿಕೊಟ್ಟರು. ಮಕ್ಕಳು ತರಗತಿಯಲ್ಲಿ ಸಾಲಾಗಿ ನಿಂತು, ಮಾಸ್ತರರ ಎಣಿಕೆಗೆ ಸರಿಯಾಗಿ ಎಲ್ಲರೂ ಒಟ್ಟಿಗೇ ಕೈಯಾಡಿಸುವ ‘ಬ್ರಷ್ ಕವಾಯತು’ ಅಮೆರಿಕದ ಶಾಲೆಗಳಲ್ಲಿ ಬಳಕೆಗೆ ಬಂತು. ಪೇಸ್ಟಿನ ಕಂಪೆನಿಗಳೂ ಹಿಂದೆ ಬೀಳಲಿಲ್ಲ. ಮಕ್ಕಳನ್ನು ಇಂದು ಹಿಡಿದರೆ ನಾಳೆಯ ಗಿರಾಕಿಗಳು ಸಿಕ್ಕಿದಂತೆಯೇ ಸರಿ ಎಂಬುದು ಅವರಿಗೆ ತಿಳಿಯದ ಲೆಕ್ಕವೇ?

ಜಪಾನಿನಲ್ಲಿ 1928ರಿಂದ ಜೂನ್ 4ನ್ನು ಹುಳುಕು ತಡೆಯುವ ದಿನವೆಂದು ಆಚರಿಸತೊಡಗಿದರು. ನ್ಯೂಜಿಲೆಂಡ್ 1921ರಲ್ಲಿ ಶಾಲೆಗಳಿಗಾಗಿಯೇ ದಂತದಾದಿಯರನ್ನು ತರಬೇತುಗೊಳಿಸಲು ಮೊದಲುಮಾಡಿತು. ಹಲ್ಲು ಕೊರೆಯುವ ಯಂತ್ರದ ಸದ್ದಿಗೆ ಹೆದರಿದ ಅಲ್ಲಿಯ ಮಕ್ಕಳು ಆ ಚಿಕಿತ್ಸಾಲಯಕ್ಕೆ ‘ಕೊಲೆಮನೆ’ ಎಂದು ಹೆಸರಿಟ್ಟದ್ದೂ ಚರಿತ್ರೆಯ ಭಾಗವೇ.

ಈ ಕವಾಯತಿನಿಂದ ಲಾಭವಾಗಲಿಲ್ಲವೆಂದು ಯಾರೂ ಹೇಳಲಾರರು. ಬ್ರಷ್ಷನ್ನೇ ಕಾಣದ ಬಡವರ ಮಕ್ಕಳ ಕೈಗೆ ಅದು ಬಂದದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಭಾವನೆಯೂ ನೆಲೆಯೂರಿತು. ಶಾಲೆಗೆ ಬರುವ ವಯಸ್ಸಿನ ಮಗು ತನ್ನ ಹಲ್ಲಿಗೆ ತಾನೇ ಹೊಣೆ; ಕೆಟ್ಟರೆ ಅದು ಮಗುವಿನ ಸೋಮಾರಿತನ. ಆರು ವರ್ಷದವನನ್ನು ಹಿಡಿದು ‘ಸರಿಯಾಗಿ ಉಜ್ಜಲಿಲ್ಲ, ಅದಕ್ಕೇ ನೋವು’ ಎಂದು ಗದರುವುದು ದೊಡ್ಡವರಿಗೆ ಸುಲಭವಾಯಿತು.

ನಮ್ಮ ಬಚ್ಚಲುಮನೆ

ಬ್ರಿಜ್‌ಪೋರ್ಟಿನಲ್ಲಿ ಫೋನ್ಸನ ಶಾಲೆ ಆರಂಭವಾದ 1913ರಲ್ಲಿಯೇ, ನಮ್ಮ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿ ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳ ಬಚ್ಚಲ ಗೂಡಿನಲ್ಲಿ ಸ್ಥಾನ ಪಡೆಯಿತು. ಎರಡಕ್ಕೂ ಸಂಬಂಧವೇನೂ ಇಲ್ಲ. ವರ್ಷ ಒಂದಾದದ್ದು ಕಾಕತಾಳೀಯ. ಆದರೂ ಎರಡು ದಾರಿಗಳನ್ನು ಎದುರೆದುರು ಇಟ್ಟು ನೋಡುವುದು ಉಪಯುಕ್ತ. ಅಲ್ಲಿ ಬ್ರಷ್ಷು ಶಾಲೆಯಿಂದ ಮನೆಗೆ ಹೋಯಿತು. ಇಲ್ಲಿ ಹಲ್ಲುಜ್ಜುವುದು ಮನೆಯೊಳಗಿನ ಸಂಪ್ರದಾಯವಾಗಿಯೇ ಉಳಿಯಿತು. ಬೇವಿನ ಕಡ್ಡಿ, ಇದ್ದಿಲ ಪುಡಿ, ಉಪ್ಪು, ಆಮೇಲೆ ಕೊಂಡುತಂದ ಹಲ್ಲುಪುಡಿ. ಸಾಧನ ಮಾತ್ರ ತೋರುಬೆರಳು.

ಬೆರಳಿನಲ್ಲಿ ಒಂದು ಅನುಕೂಲವಿತ್ತು. ಅಜ್ಜಿಯ ಬೆರಳು ಮೊಮ್ಮಗುವಿನ ಬಾಯೊಳಕ್ಕೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಡ ಅಂಗೈಯಲ್ಲಿ ಪುಡಿ ಹಾಕಿ, ‘ಈ ಅನ್ನು, ಆ ಅನ್ನು’ ಎಂದು ತಾನೇ ಉಜ್ಜಿ, ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸುವುದು ಒಟ್ಟು ಕುಟುಂಬದ ಬೆಳಗಿನ ಕೆಲಸಗಳಲ್ಲಿ ಒಂದು. ಕೊರತೆಯೂ ಇತ್ತು: ಬೆರಳು ಮುಂದಿನ ಹಲ್ಲುಗಳನ್ನು ಬೆಳಗುತ್ತದೆ, ಹಿಂದಿನ ದವಡೆಯ ಸಂದುಗಳನ್ನು ಮುಟ್ಟಲಾರದು. ಸಿಹಿಯೆಂದರೆ ಹಬ್ಬದ ದಿನದ ಸಂಗತಿಯಾಗಿದ್ದ ಕಾಲದಲ್ಲಿ ಆ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು, ಪಟ್ಟಣದ ಮಕ್ಕಳ ಜೇಬಿಗೆ ಪೆಪ್ಪರಮೆಂಟೂ ಬಿಸ್ಕತ್ತೂ ಬಂದದ್ದು ಎಲ್ಲವೂ ಆಮೇಲಿನ ಮಾತು.

1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ಷು ಮಾರುಕಟ್ಟೆಗೆ ಬಂದಾಗ ಹಂದಿಯ ಕೂದಲಿನ ಸಂಕೋಚ ತಪ್ಪಿತು. ಕಲ್ಕತ್ತೆಯಲ್ಲಿ ಡಾ. ಆರ್. ಅಹಮದ್ ಅವರು 1920ರಲ್ಲಿ ದಂತವೈದ್ಯ ಕಾಲೇಜನ್ನು ತೆರೆದಿದ್ದರು; 1948ರಲ್ಲಿ ದಂತವೈದ್ಯರ ಕಾಯಿದೆ ಬಂತು; ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. ಬ್ರಷ್ಷು ಬಂತು, ವೈದ್ಯರು ಬಂದರು. ಆದರೆ ಬ್ರಷ್ಷು ಬಂದ ಮನೆಯಲ್ಲಿ ಅಜ್ಜಿಯ ಬೆರಳು ಹಿಂದೆ ಸರಿಯಿತು. ಬ್ರಷ್ಷು ಒಬ್ಬೊಬ್ಬರಿಗೆ ಒಂದೊಂದು. ಅದರ ಮೇಲೆ ಮಗುವಿನ ಹೆಸರು. ತನ್ನದೆಂದ ಮೇಲೆ ತಾನೇ ಮಾಡಿಕೊಳ್ಳಲಿ ಎಂಬುದು ಸಹಜವಾದ ತರ್ಕ.

ಆರನೆಯ ವರ್ಷದ ದವಡೆಹಲ್ಲು

ಈ ತರ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಲು ಹಲ್ಲಿನ ಹುಟ್ಟನ್ನು ನೋಡಬೇಕು. ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂದು ಹೆಸರು; ಎರಡು ಬಾರಿ ಹುಟ್ಟುವುದರಿಂದ. ಮಕ್ಕಳ ವೈದ್ಯಕ್ಕೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತೇ ಒಂದು ಅಧ್ಯಾಯವಿದೆ. ಎಲ್ಲ ಹಲ್ಲುಗಳೂ ದ್ವಿಜರಲ್ಲ, ಕೆಲವು ಒಂದೇ ಸಲ ಹುಟ್ಟುತ್ತವೆ ಎಂಬುದನ್ನು ಆ ಗ್ರಂಥಕಾರ ಗುರುತಿಸಿದ್ದಾನೆ. ಈ ವಿವೇಚನೆ ಬಹಳ ಮುಖ್ಯವಾದದ್ದು.

ಹಾಲುಹಲ್ಲುಗಳು ಇಪ್ಪತ್ತು. ಸುಮಾರು ಆರನೆಯ ವರ್ಷದಲ್ಲಿ ಮುಂದಿನ ಹಲ್ಲು ಅಲುಗಾಡಿ ಬಿದ್ದಾಗ ಮನೆಯಲ್ಲಿ ಸಂಭ್ರಮ. ಅದನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವುದು ನಮ್ಮಲ್ಲಿ ವಾಡಿಕೆ. ಎಲ್ಲರ ಕಣ್ಣೂ ಆ ಕಿಂಡಿಯ ಮೇಲೆ. ಅದೇ ದಿನಗಳಲ್ಲಿ ಬಾಯಿಯ ಹಿಂಭಾಗದಲ್ಲಿ, ಹಾಲುಹಲ್ಲುಗಳ ಸಾಲಿನ ಆಚೆ, ಯಾವ ಹಲ್ಲೂ ಬೀಳದೆ ಹೊಸದೊಂದು ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಮೇಲೆ ಎರಡು, ಕೆಳಗೆ ಎರಡು. ಏನೂ ಬೀಳದೆ ಬಂದದ್ದರಿಂದ ಇದೂ ಹಾಲುಹಲ್ಲೇ, ಮುಂದೆ ಬಿದ್ದು ಹೋಗುವಂಥದು ಎಂದು ಬಹಳ ಜನ ತಂದೆತಾಯಿಗಳು ತಿಳಿಯುತ್ತಾರೆ. ವಾಸ್ತವವಾಗಿ ಅದು ಒಂದೇ ಜನ್ಮದ ಹಲ್ಲು. ಕಳೆದರೆ ಮತ್ತೆ ಬಾರದು. ಅದರ ಮೈಮೇಲೆ ಆಳವಾದ ಗೀರುಗಳು. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನವೂ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿದ್ದು ಬ್ರಷ್ಷಿಗೆ ಸಿಕ್ಕುವುದಿಲ್ಲ. ‘ಇನ್ನು ದೊಡ್ಡವನಾದೆ, ನೀನೇ ಉಜ್ಜಿಕೋ’ ಎಂದು ಮನೆಯವರು ಕೈ ಬಿಡುವುದೂ, ಅತ್ಯಂತ ಬೆಲೆಯುಳ್ಳ ಈ ಹಲ್ಲು ಅತ್ಯಂತ ದುರ್ಬಲ ಸ್ಥಿತಿಯಲ್ಲಿರುವುದೂ ಒಂದೇ ಕಾಲ!

ಮಗುವಿನ ಕೈಯಾದರೂ ಆಗ ಸಿದ್ಧವಾಗಿರುತ್ತದೆಯೇ? ಐದಾರು ವರ್ಷದ ಮಗು ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ತೋಳನ್ನೇ ಆಡಿಸುತ್ತದೆ. ಮಣಿಕಟ್ಟನ್ನು ತಿರುಗಿಸಿ ಹಲ್ಲಿನ ಒಳಮೈಯನ್ನು ಮುಟ್ಟುವ ಚಳಕ ಅಕ್ಷರವನ್ನು ಕೂಡಿಸಿ ಬರೆಯುವ, ಷೂ ದಾರವನ್ನು ಕಟ್ಟಿಕೊಳ್ಳುವ ಚಳಕದ ಜೊತೆಗೇ ಬರುತ್ತದೆ. ಮಕ್ಕಳಿಗೆ ಕಷ್ಟವಾಗದಿರಲೆಂದು ಬ್ರಷ್ಷನ್ನು ದೊಡ್ಡ ವರ್ತುಲವಾಗಿ ಆಡಿಸುವ ಸರಳ ರೀತಿಯನ್ನು ಈಗಲೂ ಹೇಳಿಕೊಡುತ್ತಾರೆ. ಅದಕ್ಕೆ ಇಂದಿಗೂ ಫೋನ್ಸನ ಹೆಸರೇ ಇದೆ. ಇದಲ್ಲದೆ ಉಗುಳುವ ಸಮಸ್ಯೆಯೊಂದಿದೆ. ಹುಳುಕನ್ನು ತಡೆಯುವ ಫ್ಲೋರೈಡ್ ಸೇರಿಸಿದ ಪೇಸ್ಟು 1956ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದು, ಮುಂದೆ ಲೋಕವ್ಯಾಪಿಯಾಯಿತು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಮಿತಿಮೀರಿ ಹೊಟ್ಟೆ ಸೇರಿದರೆ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕೆಂದು ದಂತವೈದ್ಯರು ಹೇಳುತ್ತಾರೆ. ಅದನ್ನು ಅಳೆದು ಹಾಕುವ ಕೈ ದೊಡ್ಡವರದೇ ಆಗಿರಬೇಕು.

ಕನಿಷ್ಠ ಏಳು ವರ್ಷ ತುಂಬುವವರೆಗೆ ದೊಡ್ಡವರು ಉಜ್ಜಬೇಕು, ಇಲ್ಲವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು ಎಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಈಗಿನ ಸಲಹೆ. ಏಳು, ಎಂಟು ಎಂಬುದು ಬೇರೆ ಕಡೆಯ ತಜ್ಞರೂ ಹೇಳುವ ಮಾತು. ಜಪಾನಿನ ತಾಯಂದಿರಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಮೊದಲು ಮಗು ತಾನೇ ಉಜ್ಜಿಕೊಳ್ಳುತ್ತದೆ. ಆಮೇಲೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತದೆ. ಉಳಿದದ್ದನ್ನು ತಾಯಿ ಮುಗಿಸುತ್ತಾಳೆ. ಇದಕ್ಕೆ ಅವರು ‘ಮುಗಿತಾಯದ ಉಜ್ಜುವಿಕೆ’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಮಗುವಿನ ಹೆಮ್ಮೆಯೂ ಉಳಿಯಿತು, ಹಲ್ಲೂ ಉಳಿಯಿತು.

ಮತ್ತೆ ಡಂಡೀ ನಗರ

ದೊಡ್ಡವರು ಪಕ್ಕದಲ್ಲಿ ನಿಲ್ಲುವುದರಿಂದ ಆಗುವ ಪ್ರಯೋಜನವನ್ನು ಅಳೆದು ತೋರಿಸಿದ ಪ್ರಯೋಗವೊಂದು ನಡೆದದ್ದು, 1885ರಲ್ಲಿ ಫಿಷರನ ಮಾತು ಗಾಳಿಗೆ ಹೋದ ಅದೇ ಡಂಡೀ ನಗರದಲ್ಲಿ ಎಂಬುದು ಚರಿತ್ರೆಯ ಒಂದು ವಿನೋದ. ಸುಮಾರು ಐದು ವರ್ಷದ ಐನೂರಕ್ಕೂ ಮಿಕ್ಕ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಶಾಲೆಯಲ್ಲಿ ಪ್ರತಿದಿನ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿತು. ತರಬೇತಾದ ಸ್ಥಳೀಯ ತಾಯಂದಿರು ಪಕ್ಕದಲ್ಲಿ ನಿಂತು ನೋಡಿಕೊಂಡರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷಗಳಲ್ಲಿ, ಆರನೆಯ ವರ್ಷದ ಆ ದವಡೆಹಲ್ಲುಗಳಲ್ಲಿ ಒಳಪದರದವರೆಗೆ ಇಳಿದ ಹುಳುಕು ಇನ್ನೊಂದು ಗುಂಪಿಗಿಂತ ಶೇಕಡ 56ರಷ್ಟು ಕಡಿಮೆ!

ಸ್ಕಾಟ್ಲೆಂಡ್ 2006ರಿಂದ ಇದನ್ನು ದೇಶದ ಶಿಶುವಿಹಾರಗಳಿಗೆ ವಿಸ್ತರಿಸಿತು. 2003ರಲ್ಲಿ ಅಲ್ಲಿ ಶಾಲೆಗೆ ಸೇರುವ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು ಶೇಕಡ 45. 2020ರ ಹೊತ್ತಿಗೆ ಸುಮಾರು 74. ಫೋನ್ಸನ ಕವಾಯತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕವಾಯತು ಮಗುವಿಗೆ ಹೊಣೆಯನ್ನು ಕಲಿಸಿತು. ಇದು ಹೊಣೆಯನ್ನು ದೊಡ್ಡವರಿಗೆ ಹಿಂದಿರುಗಿಸಿತು.

ಲೋಕದಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜು ಮಾಡಿದೆ. ರಾತ್ರಿಯೆಲ್ಲ ದವಡೆ ಹಿಡಿದುಕೊಂಡು ಅಳುವ ಮಗುವಿನ ಪಕ್ಕದಲ್ಲಿ ಕುಳಿತವರಿಗೆ ಈ ಅಂಕಿಯ ಅರ್ಥ ಚೆನ್ನಾಗಿ ತಿಳಿದಿದೆ. ಅದನ್ನು ತಪ್ಪಿಸುವುದಕ್ಕೆ ಬೇಕಾದದ್ದು ದಿನಕ್ಕೆ ಎರಡು ಬಾರಿ ಎರಡೆರಡು ನಿಮಿಷ, ಒಬ್ಬ ಹಿರಿಯರ ಕೈ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಓಡುವ, ಅಜ್ಜಿ ಊರಿನಲ್ಲಿ ಉಳಿದಿರುವ ಪಟ್ಟಣದ ಮನೆಗಳಲ್ಲಿ ಈ ನಾಲ್ಕು ನಿಮಿಷವೂ ದುಬಾರಿಯೇ ನಿಜ. ಬೆಳಗ್ಗೆ ಆಗದಿದ್ದರೆ ರಾತ್ರಿಯ ಸರದಿಯನ್ನಾದರೂ ತಪ್ಪಿಸಬಾರದು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ಕಾವಲಿಲ್ಲದಾಗುವುದು ಆಗಲೇ.

ಇತ್ಸಿಂಗನ ವಾಕ್ಯವನ್ನು ಈಗ ಇನ್ನೊಮ್ಮೆ ಓದಿದರೆ ಅದರಲ್ಲಿ ನಮಗೆ ಬೇಕಾದ ಉತ್ತರದ ಅರ್ಧ ಭಾಗ ಇರುವುದು ಕಾಣುತ್ತದೆ. ಮೂರು ವರ್ಷಕ್ಕೆ ಕಲಿಸುತ್ತಾರೆ ಎಂದು ಆತ ಬರೆದ. ಮೂರು ವರ್ಷಕ್ಕೆ ಕೈ ಬಿಡುತ್ತಾರೆ ಎಂದು ಬರೆಯಲಿಲ್ಲ. ಉಳಿದರ್ಧವನ್ನು ನಮ್ಮ ಕಾಲದ ವಿದ್ಯೆ ಸೇರಿಸಿದೆ: ಕೈ ಬಿಡುವುದು ಏಳೆಂಟಕ್ಕೆ. ಕಲಿಸುವುದಕ್ಕೂ ಬಿಡುವುದಕ್ಕೂ ನಡುವೆ ಇರುವ ನಾಲ್ಕೈದು ವರ್ಷ ಮಗುವಿನ ಕೈಯ ಮೇಲೆ ದೊಡ್ಡವರ ಕೈ ಇರಬೇಕಾದ ಕಾಲ.